ಒಂದೇ ಸಾಲಿನಲ್ಲಿ ಹೇಳಿ ನೋಡೋಣ

"ಒನ್ ಲೈನ್ ಹೇಳಿ, ಸಾಕು."

ಎದುರಿಗೆ ಕೂತವರು ಕೇಳಿದ್ದು ಇಷ್ಟೇ. ಅವರು ಸಿನಿಮಾ ನಿರ್ಮಾಣದಲ್ಲಿರುವವರು. ಗೆಳೆಯನ ಗೆಳೆಯನ ಮೂಲಕ ಮೂರು ತಿಂಗಳು ಬೆನ್ನುಬಿದ್ದು ಗಿಟ್ಟಿಸಿಕೊಂಡಿದ್ದ ಭೇಟಿ ಅದು. ಒಂದೂವರೆ ವರ್ಷದ ಶನಿವಾರ, ಭಾನುವಾರಗಳನ್ನೆಲ್ಲ ತಿಂದು ಬೆಳೆದ ನನ್ನ 104 ಪುಟದ ಚಿತ್ರಕಥೆ ಬ್ಯಾಗಿನಲ್ಲಿ ಬೆಚ್ಚಗಿತ್ತು. ನಾನು ಶುರು ಮಾಡಿದೆ.

"ಸರ್, ಇದು ನಮ್ಮ ಗಂಗಾವತಿ ಕಡೆ ನಡೆಯೋ ಕಥೆ. ತುಂಗಭದ್ರಾ ಡ್ಯಾಂ ಗೇಟ್ ಮುರಿದಿತ್ತಲ್ಲ, ಆ ಟೈಮಲ್ಲಿ... ಅಂದ್ರೆ, ಅದಕ್ಕೂ ಮುಂಚೆ ಒಂದು ಫ್ಲ್ಯಾಷ್‌ಬ್ಯಾಕ್ ಬರುತ್ತೆ..."

ಕಾಫಿ ಬಂತು, ತಣ್ಣಗಾಯಿತು. ನಾನಿನ್ನೂ ಹೀರೋನ ಬಾಲ್ಯದಲ್ಲೇ ಇದ್ದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ಕೊನೆಗೆ, "ಇದು ಯಾರ ಕಥೆ?" ಅಂದರು.

"ರೈತರ ಕಥೆ ಸರ್."

"ಯಾವ ರೈತ? ಅವನಿಗೆ ಏನು ಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. 104 ಪುಟ ಬರೆದಿದ್ದೆ, ಈ ಎರಡು ಪ್ರಶ್ನೆಗೆ ಉತ್ತರ ಇರಲಿಲ್ಲ. ಅವರೇನೂ ಅವಮಾನ ಮಾಡಲಿಲ್ಲ. "ಲಾಗ್‌ಲೈನ್ ಬರ್ಕೊಂಡು ಬನ್ನಿ, ಆಮೇಲೆ ಓದೋಣ" ಅಂತ ಹೇಳಿ, ಕಾಫಿ ಬಿಲ್ಲೂ ತಾವೇ ಕೊಟ್ಟು ಹೋದರು.

ಅವತ್ತಿಂದ ಎರಡು ತಿಂಗಳು ನಾನು ಬರೆದದ್ದು ಒಂದೇ ಒಂದು ಸಾಲು. ಈ ಸಲದ ಅಂಕಣ ಆ ಸಾಲಿನ ಬಗ್ಗೆ. ನಿಮ್ಮಲ್ಲೂ ಹಲವರ ಲ್ಯಾಪ್‌ಟಾಪಿನ ಯಾವುದೋ ಮೂಲೆಯ ಫೋಲ್ಡರಿನಲ್ಲಿ ಅರ್ಧ ಬರೆದ ಕಥೆ ಮಲಗಿರುತ್ತೆ ಅಂತ ಗೊತ್ತು. ಅದಕ್ಕೇ ಹೇಳ್ತಿದ್ದೀನಿ.

ಲಾಗ್‌ಲೈನ್ ಅಂದರೆ ಏನು, ಏನಲ್ಲ

ಇಡೀ ಚಿತ್ರಕಥೆಯನ್ನು ಒಂದು, ಹೆಚ್ಚೆಂದರೆ ಎರಡು ವಾಕ್ಯದಲ್ಲಿ ಹೇಳುವುದೇ ಲಾಗ್‌ಲೈನ್. ಅದರಲ್ಲಿ ನಾಲ್ಕು ಸಂಗತಿ ಇರಬೇಕು: ಯಾರು, ಅವರ ಬದುಕಿನಲ್ಲಿ ಏನಾಯಿತು, ಅದರಿಂದಾಗಿ ಅವರು ಏನು ಮಾಡಲು ಹೊರಟರು, ಅದಕ್ಕೆ ಅಡ್ಡಿ ಏನು. ಸೋತರೆ ಏನು ಕಳೆದುಹೋಗುತ್ತದೆ ಅನ್ನುವುದೂ ಅದರೊಳಗೇ ಕಾಣಿಸಿದರೆ ಇನ್ನೂ ಒಳ್ಳೆಯದು. ನಿರ್ಮಾಪಕರು, ಚಿತ್ರಕಥೆ ಸ್ಪರ್ಧೆಯವರು, ಸ್ಕ್ರಿಪ್ಟ್ ಲ್ಯಾಬ್‌ನವರು ಮೊದಲು ಓದುವುದು ಇದನ್ನೇ. ಎಷ್ಟೋ ಸಲ ಇದನ್ನು ಮಾತ್ರ.

ಎರಡು ಗೊಂದಲ ಇಲ್ಲೇ ಬಗೆಹರಿಸಿಕೊಳ್ಳೋಣ. ನಮ್ಮ ಗಾಂಧಿನಗರದಲ್ಲಿ 'ಒನ್ ಲೈನ್ ಆರ್ಡರ್' ಅನ್ನೋ ಮಾತಿದೆ. ಅದು ಬೇರೆ. ಒಂದೊಂದು ದೃಶ್ಯಕ್ಕೂ ಒಂದೊಂದು ಸಾಲಿನಂತೆ ಇಡೀ ಸಿನಿಮಾದ ದೃಶ್ಯಗಳ ಪಟ್ಟಿ ಅದು. ಲಾಗ್‌ಲೈನ್ ಕೇಳಿದರೆ ಅದನ್ನು ಕಳಿಸಬೇಡಿ.

ಎರಡನೆಯದು ಟ್ಯಾಗ್‌ಲೈನ್. ಇದನ್ನು ನಮ್ಮ ಸೀಮೆಯ ಉದಾಹರಣೆಯಿಂದಲೇ ಹೇಳ್ತೀನಿ. ನಮ್ಮವ್ವನ ತವರು ಯಲಬುರ್ಗಾ ಕಡೆ. ರಜೆಗೆ ಹೋದಾಗಲೆಲ್ಲ ಇಟಗಿಯ ಮಹಾದೇವ ದೇವಾಲಯಕ್ಕೆ ಒಂದು ಸುತ್ತು ಇದ್ದೇ ಇರುತ್ತಿತ್ತು. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಅಲ್ಲಿನ ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆದಿದೆ. ಕೇಳಿದ ಕೂಡಲೇ ಮೈ ಜುಮ್ ಅನ್ನುತ್ತೆ, ನೋಡಬೇಕು ಅನಿಸುತ್ತೆ. ಆದರೆ ಯಾರು ಕಟ್ಟಿಸಿದರು, ಯಾಕೆ, ಏನಾಯಿತು ಅನ್ನೋದು ಅದರಲ್ಲಿಲ್ಲ. ಪೋಸ್ಟರ್ ಮೇಲೆ ಹಾಕೋ ಮಾತು ಅದು, ಅಂದರೆ ಟ್ಯಾಗ್‌ಲೈನ್. "ಯುದ್ಧ ಮಾಡುವುದೇ ಕಸುಬಾದ ದಂಡನಾಯಕನೊಬ್ಬ ದೇವಾಲಯ ಕಟ್ಟಿಸಲು ಹೊರಡುತ್ತಾನೆ" ಅಂದ ಕೂಡಲೇ ಕಥೆ ಕಣ್ಣುಬಿಡುತ್ತೆ. ಲಾಗ್‌ಲೈನ್ ಶುರುವಾಗೋದು ಅಲ್ಲಿಂದ.

ನಮ್ಮ ಕಡೆಯವರಿಗೆ ಇದು ತೀರಾ ಹೊಸದೇನಲ್ಲ. ಜಾತ್ರೆ ನಾಟಕದ ಹ್ಯಾಂಡ್‌ಬಿಲ್ ನೆನಪು ಮಾಡಿಕೊಳ್ಳಿ. ಮೇಲೆ ದಪ್ಪಕ್ಷರದಲ್ಲಿ ನಾಟಕದ ಹೆಸರು, ನಡುವೆ ಸಣ್ಣಗೆ 'ಅರ್ಥಾತ್' ಅಂತ, ಕೆಳಗೆ ಇನ್ನೊಂದು ಹೆಸರು. ಮೊದಲ ಹೆಸರು ಜನರನ್ನು ನಿಲ್ಲಿಸೋಕೆ, ಎರಡನೆಯದು ಒಳಗೆ ಏನಿದೆ ಅಂತ ಸುಳಿವು ಕೊಡೋಕೆ. ಲಾಗ್‌ಲೈನ್ ಅಂದರೆ ಆ 'ಅರ್ಥಾತ್' ಆದ ಮೇಲೆ ಬರೋ ಮಾತನ್ನು ಪೂರ್ತಿ ವಾಕ್ಯ ಮಾಡಿ ಹೇಳೋದು ಅಂದುಕೊಳ್ಳಿ.

ನೋಡಿದ ಸಿನಿಮಾದ ಮೇಲೆ ಕೈ ಪಳಗಿಸಿ

ನಾನು ಮಾಡಿದ ಮೊದಲ ಕೆಲಸ, ಈಗಾಗಲೇ ನೋಡಿರುವ ಸಿನಿಮಾಗಳಿಗೆ ನಾನೇ ಲಾಗ್‌ಲೈನ್ ಬರೆದದ್ದು. ಕಥೆ ನಮ್ಮದಲ್ಲದ ಕಾರಣ ಹೊಟ್ಟೆ ಉರಿಯದೇ ಕತ್ತರಿಸಬಹುದು.

'ತಬರನ ಕಥೆ' ತಗೊಳ್ಳಿ. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ಸಿನಿಮಾ, 1986ರ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ ಪಡೆದದ್ದು. ಮೊದಲು ನಾನು ಬರೆದದ್ದು ಹೀಗೆ: "ಭ್ರಷ್ಟ ವ್ಯವಸ್ಥೆಯಲ್ಲಿ ಸಿಕ್ಕಿ ನಲುಗುವ ಬಡವನೊಬ್ಬನ ಮನಕಲಕುವ ಕಥೆ." ಓದಿ ನೋಡಿ. ಇದು ನೂರು ಸಿನಿಮಾಗೆ ಹೊಂದುತ್ತೆ. ಆಮೇಲೆ ತಿದ್ದಿದೆ: "ಹೆಂಡತಿಯ ಕೊಳೆಯುತ್ತಿರುವ ಕಾಲಿಗೆ ಚಿಕಿತ್ಸೆ ಕೊಡಿಸಲು, ನಿವೃತ್ತ ಜವಾನನೊಬ್ಬ ತಾನೇ ದುಡಿದ ಸರಕಾರದ ಕಚೇರಿಗಳ ಮುಂದೆ ತನ್ನ ಪಿಂಚಣಿಗಾಗಿ ಅಲೆಯುತ್ತಾನೆ." ಈಗ ಇದು ತಬರನದ್ದು ಮಾತ್ರ. ಬಡತನ, ವ್ಯವಸ್ಥೆ ಅನ್ನೋ ಪದಗಳೇ ಇಲ್ಲ, ಆದರೂ ಎರಡೂ ಇವೆ. 'ತಾನೇ ದುಡಿದ' ಅನ್ನೋ ಎರಡು ಪದದಲ್ಲಿ ಚುಚ್ಚು ಇದೆ. ಕಾಲು ಕಾಯುವುದಿಲ್ಲ, ಕಚೇರಿ ಕಾಯಿಸುತ್ತದೆ. ಗಡಿಯಾರ ತಾನಾಗೇ ಓಡತೊಡಗುತ್ತೆ.

'ಸಂಸ್ಕಾರ', 1970. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ಸಿನಿಮಾ. "ಆಚಾರ ಬಿಟ್ಟವನೊಬ್ಬ ಅಗ್ರಹಾರದಲ್ಲಿ ಸತ್ತಾಗ, ಅವನ ಶವಸಂಸ್ಕಾರ ಯಾರು ಮಾಡಬೇಕೆಂದು ಶಾಸ್ತ್ರದಲ್ಲಿ ಉತ್ತರ ಹುಡುಕಲು ಹೊರಟ ಪಂಡಿತ, ತಾನೇ ಆಚಾರ ಮುರಿದು ಕೂರುತ್ತಾನೆ." ಹೆಣ ಮನೆಯಲ್ಲಿದೆ, ಅದು ಎದ್ದೇಳುವವರೆಗೆ ಯಾರೂ ಉಣ್ಣುವಂತಿಲ್ಲ. ಇಷ್ಟು ಬಿಗಿಯಾದ ಆರಂಭ ಸಿಕ್ಕರೆ ಲಾಗ್‌ಲೈನ್ ತಾನೇ ಬರೆದುಕೊಳ್ಳುತ್ತೆ.

'ತಿಥಿ'ಯನ್ನು ನಾನು ಮೊದಲು "ಮೂರು ತಲೆಮಾರಿನ ಹಳ್ಳಿ ಬದುಕಿನ ಚಿತ್ರಣ" ಅಂತ ಬರೆದಿದ್ದೆ. ಚಿತ್ರಣ ಸರಿ, ಆದರೆ ನಡೆಯೋದೇನು? ತಿದ್ದಿದ್ದು: "ನೂರು ದಾಟಿದ ಅಜ್ಜನ ತಿಥಿಯ ಓಡಾಟದ ನಡುವೆಯೇ ಜಮೀನು ಮಾರಲು ಹೊರಟ ಮೊಮ್ಮಗ, ಆಸ್ತಿಯ ಗೊಡವೆಯೇ ಇಲ್ಲದೆ ಅಲೆಯುವ ತನ್ನ ಅಪ್ಪ ಬದುಕಿರುವಾಗಲೇ ಸತ್ತಿದ್ದಾನೆಂದು ಕಾಗದ ಮಾಡಿಸುತ್ತಾನೆ." 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದ ಮಂಡ್ಯದ ಹಳ್ಳಿಯ ಕಥೆ. ಸ್ವಿಟ್ಜರ್ಲೆಂಡಿನಲ್ಲಿ ಕೂತವರಿಗೆ ನಮ್ಮ ತಿಥಿ ಗೊತ್ತಿಲ್ಲದಿರಬಹುದು, ಆಸ್ತಿಗಾಗಿ ಅಪ್ಪನನ್ನು ಕಾಗದದ ಮೇಲೆ ಸಾಯಿಸೋದು ಅರ್ಥವಾಗುತ್ತೆ.

ಇನ್ನು ಎಲ್ಲಿ ನಿಲ್ಲಿಸಬೇಕು ಅನ್ನೋದು. 1948ರ ಇಟಲಿಯ 'ಬೈಸಿಕಲ್ ಥೀವ್ಸ್' ನೋಡಿದ್ದೀರಾ? "ಕೆಲಸಕ್ಕೆ ಬೇಕೇಬೇಕಾದ ಸೈಕಲ್ ಮೊದಲ ದಿನವೇ ಕಳುವಾದಾಗ, ಬಡ ಅಪ್ಪನೊಬ್ಬ ಪುಟ್ಟ ಮಗನ ಕೈಹಿಡಿದು ರೋಮ್ ನಗರವನ್ನೆಲ್ಲ ಹುಡುಕುತ್ತಾನೆ." ಅಷ್ಟೇ. ಕೊನೆಗೆ ಏನು ಮಾಡುತ್ತಾನೆ ಅನ್ನೋದು ಲಾಗ್‌ಲೈನಿನ ಕೆಲಸ ಅಲ್ಲ, ಅದು ಸಿನಾಪ್ಸಿಸ್‌ನ ಕೆಲಸ. ಹಾಗಂತ "ಮುಂದೇನಾಯ್ತು? ತೆರೆಯ ಮೇಲೆ ನೋಡಿ" ಅಂತಲೂ ಬರೆಯಬೇಡಿ. ಓದುವವರು ಟಿಕೆಟ್ ಕೊಳ್ಳೋ ಪ್ರೇಕ್ಷಕರಲ್ಲ, ದುಡ್ಡು ಹಾಕುವವರು.

ಕನ್ನಡದಲ್ಲಿ ಬರೆಯುವಾಗಿನ ಒಂದು ಬಲೆ

ಇಂಗ್ಲಿಷ್ ಪುಸ್ತಕಗಳು ಹೇಳದ ಒಂದು ತೊಂದರೆ ನಮಗಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ಅದಕ್ಕೂ ಮೊದಲು ವಿಶೇಷಣದ ರೈಲಿಗೆ ಎಷ್ಟು ಬೋಗಿ ಬೇಕಾದರೂ ಜೋಡಿಸಬಹುದು. "ಊರು ಬಿಟ್ಟು ಬೆಂಗಳೂರು ಸೇರಿ ಸೋತು ಮರಳಿ ಬಂದು ಮತ್ತೆ ಗೆಲ್ಲಲು ಹೊರಟ ಯುವಕನ ಕಥೆ." ಕೇಳೋಕೆ ಭರ್ತಿಯಾಗಿದೆ. ಆದರೆ ಬಿಡಿಸಿ ನೋಡಿ. ಇಲ್ಲಿ ವಾಕ್ಯವೇ ಇಲ್ಲ! ಇರೋದು 'ಕಥೆ' ಅನ್ನೋ ಒಂದು ನಾಮಪದ, ಅದಕ್ಕೆ ಉದ್ದನೆಯ ಬಾಲ. ನಡೆಯಬೇಕಾದ್ದೆಲ್ಲ ವಿಶೇಷಣದೊಳಗೆ ಆಗಲೇ ನಡೆದುಹೋಗಿದೆ.

ಅದಕ್ಕೆ ನಾನು ಮಾಡಿಕೊಂಡ ನಿಯಮ: ಕೊನೆಯ ಪದ 'ಕಥೆ', 'ಪಯಣ', 'ಚಿತ್ರಣ', 'ಹೋರಾಟ' ಆಗಿದ್ದರೆ ಅಳಿಸು. ಕೊನೆಗೆ ಒಂದು ಕೆಲಸ ಇರಲಿ. ಅಲೆಯುತ್ತಾನೆ, ಕಾಗದ ಮಾಡಿಸುತ್ತಾನೆ, ಮುರಿಯುತ್ತಾಳೆ, ಬಚ್ಚಿಡುತ್ತಾಳೆ. ಕ್ಯಾಮೆರಾ ಹಿಡಿಯಬಹುದಾದ ಕೆಲಸ. 'ಹೋರಾಡುತ್ತಾನೆ' ಅನ್ನೋದನ್ನು ಕ್ಯಾಮೆರಾ ಹಿಡಿಯಲಾರದು. ಏನು ಮಾಡಿ ಹೋರಾಡುತ್ತಾನೆ?

ನಮ್ಮವ್ವ ಫೋನಿನಲ್ಲಿ ಊರ ಸುದ್ದಿ ಹೇಳೋ ರೀತಿ ಕೇಳಿ. "ಮೂವತ್ತ ವರ್ಷ ಮಾತ ಬಿಟ್ಟಿದ್ದ ಅಣ್ಣ, ತಮ್ಮನ ಮಗಳ ಮದಿವಿಗೆ ತನ್ನ ಎತ್ತ ಮಾರ್ಯಾನ!" ಯಾರು, ಏನು, ಯಾಕೆ ವಿಚಿತ್ರ, ಎಷ್ಟು ಕಳಕೊಂಡ, ಎಲ್ಲ ಹನ್ನೊಂದು ಪದದಲ್ಲಿ. ಅವ್ವ ಯಾವತ್ತೂ "ಇಬ್ಬರು ಅಣ್ಣತಮ್ಮಂದಿರ ಬಾಂಧವ್ಯದ ಹೃದಯಸ್ಪರ್ಶಿ ಕಥೆ" ಅಂತ ಹೇಳಿಲ್ಲ.

ಆಫೀಸಿನಲ್ಲಿ ನಾವು ದಿನಾ ಬರೆಯೋ ಯೂಸರ್ ಸ್ಟೋರಿಯೂ ನೆನಪಾಯಿತು. 'ಇಂಥ ಬಳಕೆದಾರನಾಗಿ, ನನಗೆ ಇಂಥದ್ದು ಬೇಕು, ಇಂಥ ಕಾರಣಕ್ಕೆ.' ಯಾರು, ಏನು ಬೇಕು, ಯಾಕೆ, ಮೂರೂ ಇವೆ. ಅದೇ ಅಳತೆಯಲ್ಲಿ ಲಾಗ್‌ಲೈನ್ ಬರೆದು ನೋಡಿದೆ. ಎಲ್ಲ ಸಪ್ಪೆ. ಕಾರಣ ಆಮೇಲೆ ಹೊಳೆಯಿತು, ಅದರಲ್ಲಿ 'ಆದರೆ' ಇಲ್ಲ. ಸಾಫ್ಟ್‌ವೇರಿನಲ್ಲಿ ಬೇಕಾದ್ದು ಸಿಕ್ಕರೆ ಟಿಕೆಟ್ ಕ್ಲೋಸ್. ಸಿನಿಮಾದಲ್ಲಿ ಬೇಕಾದ್ದು ಸಲೀಸಾಗಿ ಸಿಕ್ಕರೆ ಜನ ಎದ್ದು ಹೋಗ್ತಾರೆ.

ನನ್ನ ಸಾಲಿಗೆ ಬಂದರೆ

ಈಗ ನನ್ನ ಕಥೆ. ಗೊತ್ತಿಲ್ಲದವರಿಗೆ ಎರಡು ಮಾತು: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಒಟ್ಟು 33 ಗೇಟುಗಳ ಜಲಾಶಯ, ಆಗ ತುಂಬಿ ನಿಂತಿತ್ತು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಎಡದಂಡೆ ಕಾಲುವೆ ನಂಬಿ ಭತ್ತ ನಾಟಿ ಮಾಡಿದವರೆಲ್ಲ ನೀರು ನದಿಗೆ ಹರಿದುಹೋಗೋದನ್ನು ನೋಡ್ತಾ ಕೂತ ವಾರ ಅದು.

ನನ್ನ ಮೊದಲ ಲಾಗ್‌ಲೈನ್: "ಡ್ಯಾಂ ಗೇಟ್ ಮುರಿದು ರೈತರ ಬದುಕು ಅಲ್ಲೋಲ ಕಲ್ಲೋಲವಾಗುವ ಕಥೆ." ಇದು ಸುದ್ದಿವಾಹಿನಿಯ ಪಟ್ಟಿ. ಮನುಷ್ಯರೇ ಇಲ್ಲ.

ಎರಡನೆಯದು: "ಬೆಂಗಳೂರಿನ ಯುವ ಎಂಜಿನಿಯರ್ ಒಬ್ಬ ಊರಿಗೆ ಮರಳಿ, ಗೇಟ್ ದುರಂತದಲ್ಲಿ ಸಿಲುಕಿದ ರೈತರಿಗಾಗಿ ಹೋರಾಡುತ್ತಾನೆ." ನನ್ನ 104 ಪುಟದಲ್ಲಿ ಇದ್ದದ್ದು ನಿಜಕ್ಕೂ ಇದೇ. ಒಂದೇ ಸಾಲಿಗೆ ಇಳಿಸಿದಾಗ ನಾಚಿಕೆಯಾಯಿತು. ಆ ವಾರ ನಾನು ಬೆಂಗಳೂರಿನಲ್ಲೇ ಇದ್ದೆ, ರಿಲೀಸ್ ಇತ್ತು, ಮೊಬೈಲಿನಲ್ಲಿ ವಿಡಿಯೋ ನೋಡಿ ಸ್ಟೇಟಸ್ ಹಾಕಿದ್ದೆ. ಸಿನಿಮಾದಲ್ಲಿ ಮಾತ್ರ ಊರು ಉಳಿಸ್ತಿದ್ದೆ!

ಮೂರನೆಯದು: "ಹರಿಯುವ ನೀರಿನ ರಭಸದಲ್ಲೇ, ಜಲಾಶಯ ಬರಿದಾಗುವ ಮೊದಲು, ಹಿರಿಯ ಗೇಟ್ ತಜ್ಞನೊಬ್ಬ ಮುರಿದ ಜಾಗದಲ್ಲಿ ತಾತ್ಕಾಲಿಕ ಗೇಟ್ ಕೂರಿಸಲು ಇಳಿಯುತ್ತಾನೆ." ಇದು ಭರ್ಜರಿ ಲಾಗ್‌ಲೈನ್. ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ನಿಜವಾಗಿ ನಡೆದದ್ದೂ ಹೌದು. ವಾರದೊಳಗೆ ಸ್ಟಾಪ್‌ಲಾಗ್ ಕೂತವು. ಆದರೆ ಅದು ಅವರ ಕಥೆ. ನನ್ನ ಸ್ಕ್ರಿಪ್ಟಿನಲ್ಲಿ ಅದರ ಒಂದು ದೃಶ್ಯವೂ ಇಲ್ಲ. ಲಾಗ್‌ಲೈನ್ ಚೆನ್ನಾಗಿರಬೇಕು ಅಂತ ಇಲ್ಲದ ಸಿನಿಮಾಗೆ ಬರೆಯೋಕಾಗಲ್ಲ.

ನಾಲ್ಕನೆಯದು: "ನಾಟಿ ಮುಗಿಸಿದ ರೈತನೊಬ್ಬ, ಡ್ಯಾಂ ಗೇಟ್ ಮುರಿದಾಗ, ಬೆಳೆ ಉಳಿಸಿಕೊಳ್ಳಲು..." ಇಲ್ಲಿ ನಿಂತುಬಿಟ್ಟೆ. ಬೆಳೆ ಉಳಿಸಿಕೊಳ್ಳಲು ಅವನು ಏನು ಮಾಡ್ತಾನೆ? ಡ್ಯಾಂ ಮುರಿದರೆ ಕೆಳಗಿನ ರೈತ ಮಾಡೋದೇನಿದೆ, ಕಾಯೋದು ಬಿಟ್ಟು? ಬರೀ ಕಾಯುವವನನ್ನು ಎರಡು ಗಂಟೆ ತೋರಿಸೋದು ಹೇಗೆ?

ಕುಷ್ಟಗಿಯಲ್ಲಿರೋ ಅಕ್ಕನಿಗೆ ಫೋನ್ ಮಾಡಿದೆ. ನಾಲ್ಕೂ ಸಾಲು ಓದಿ ಹೇಳಿದೆ. ಒಂದು ತಾಸು ಬಿಟ್ಟು ಮತ್ತೆ ಮಾಡಿ, "ಮಾವಗ ಏನಂತ ಹೇಳಿದಿ?" ಅಂತ ಕೇಳಿದೆ. ಇದು ನನ್ನ ಪರೀಕ್ಷೆ. ನೀವು ಹೇಳಿದ್ದು ಇನ್ನೊಬ್ಬರ ಬಾಯಲ್ಲಿ ಏನಾಗಿ ಉಳಿಯುತ್ತೋ ಅದೇ ನಿಮ್ಮ ಲಾಗ್‌ಲೈನ್. ಅಕ್ಕ ಅಂದಳು: "ಏನೋ ಡ್ಯಾಂ ಬಗ್ಗೆ ಬರ್ಯಾಕತ್ತಾನ ಅಂದೆ. ಅಲ್ಲೋ, ಅಪ್ಪ ಅಲ್ಲೇ ಇದ್ದನಲ್ಲ, ಅವನ್ನ ಕೇಳಬಾರದೇನು?"

ನಿಜ ಹೇಳ್ತೀನಿ, ಅದುವರೆಗೂ ನನಗೆ ಹೊಳೆದಿರಲಿಲ್ಲ. ಸ್ಕ್ರಿಪ್ಟಿನಲ್ಲಿ ಅಪ್ಪನ ಪಾತ್ರ ಇತ್ತು. ಮೂರು ದೃಶ್ಯ, ಎರಡು ಕಾಮಿಡಿ.

ಭಾನುವಾರದ ಫೋನು

"ಯಪ್ಪಾ, ಆವತ್ತ ಗೇಟ್ ಮುರದಾಗ ನೀ ಏನ ಮಾಡಿದಿ?"

"ಯಾಕೋ, ಈಗ ಯಾಕ ಅದು?"

"ಲಾಗ್‌ಲೈನ್ ಬರ್ಯಾಕತ್ತೀನಿ."

"ಲಾಗ್‌ಲೈನ್ ಅಲ್ಲೋ, ಸ್ಟಾಪ್‌ಲಾಗ್. ನಾಯ್ಡು ಅವರು ಬಂದು ಕುಂದ್ರಿಸಿದ್ರಲ್ಲ, ಅದಕ್ಕ ಸ್ಟಾಪ್‌ಲಾಗ್ ಅಂತಾರ."

ನಕ್ಕು, ಸಿನಿಮಾದ್ದು ಅಂತ ಬಿಡಿಸಿ ಹೇಳಿದೆ. ಆಮೇಲೆ ಆ ನಿರ್ಮಾಪಕರು ನನಗೆ ಕೇಳಿದ್ದ ಪ್ರಶ್ನೆಯನ್ನೇ ಕೇಳಿದೆ. "ಆ ವಾರ ನಿನಗ ಏನ ಬೇಕಾಗಿತ್ತು?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ.

ಇಲ್ಲೊಂದು ಹಿನ್ನೆಲೆ ಹೇಳಬೇಕು. ಆ ವರ್ಷ ನಾನು ಬೆಂಗಳೂರಿನಲ್ಲಿ ಒಂದು ಸೈಟ್ ನೋಡಿದ್ದೆ. ದುಡ್ಡು ಸಾಲದೆ ಅಪ್ಪನನ್ನು ಕೇಳಿದ್ದೆ. ಕಾಲುವೆ ದಂಡೆಯ ಎರಡು ಎಕರೆ ಮಾರಲು ಅಪ್ಪ ಒಪ್ಪಿ, ಕೊಳ್ಳುವವರಿಂದ ಸಂಚಕಾರ ತಗೊಂಡಿದ್ದ. ಸುಗ್ಗಿ ಆದ ಮೇಲೆ ರಿಜಿಸ್ಟ್ರಿ ಅಂತ ಮಾತಾಗಿತ್ತು. ಗೇಟ್ ಮುರಿದ ವಾರದ ಕೊನೆಗೆ ಅಪ್ಪ ಫೋನ್ ಮಾಡಿ, "ಕೊಳ್ಳೋರು ಹಿಂದ ಸರದ್ರು. ನೀರಿನ ಪರಿಸ್ಥಿತಿ ಹಿಂಗಾದ ಮ್ಯಾಲೆ ಯಾರ ತಗೋತಾರ" ಅಂದಿದ್ದ. ನಾನು ನಂಬಿದ್ದೆ. ಸೈಟ್ ಕೈಬಿಟ್ಟು, ಊರಾಚೆ ಒಂದು ಸಣ್ಣ ಫ್ಲ್ಯಾಟಿಗೆ ದೊಡ್ಡ ಸಾಲ ಮಾಡಿದೆ. ಆ ಗೇಟಿಗೆ ಶಾಪ ಹಾಕಿದೆ. ಈ ಸ್ಕ್ರಿಪ್ಟ್ ಶುರುವಾದದ್ದೂ ಆ ಸಿಟ್ಟಿನಿಂದಲೇ ಇರಬೇಕು.

"ಕೊಳ್ಳಾಂವ ಹಿಂದ ಸರಿದಿದ್ದಿಲ್ಲೋ ತಮ್ಮಾ" ಅಂದ ಅಪ್ಪ. "ಇವತ್ತಲ್ಲ ನಾಳೆ ನೀರ ಬರತಾವ, ಮಾತಾಡಿದ ರೇಟಿಗೇ ತಗೋತೀನಿ ಅಂದ ಆತ. ನಾನ ಸಂಚಕಾರ ವಾಪಸ್ ಕೊಟ್ಟು ಬಂದ್ನಿ. ಮ್ಯಾಲೆ ಇಪ್ಪತ್ ಸಾವಿರ ಕೂಡಿಸಿ ಕೊಟ್ನಿ, ಮಾತ ತಪ್ಪಿದ್ದಕ್ಕ."

"ಯಾಕ?"

"ಮುನಿರಾಬಾದಿಗೆ ಹೋಗಿದ್ನಿ, ಗಾಡಿ ತಗೊಂಡು. ಹತ್ರ ಬಿಡಲಿಲ್ಲ. ದೂರದಿಂದ ನಿಂತು ನೀರ ಹೋಗೂದ ನೋಡಿದ್ನಿ. ವಾಪಸ್ ಬಂದು ಹೊಲದಾಗ ನಿಂತ್ನಿ. ಸಸಿ ಆಗಷ್ಟ ಹಸರ ಹಿಡದಿದ್ವು." ಮತ್ತೆ ಸುಮ್ಮನಾದ. "ಮನಸಾಗಲಿಲ್ಲೋ. ನಿನಗ ಹೇಳಾಕ ಬಾಯಿ ಬರಲಿಲ್ಲ. ನೀ ಒಮ್ಮಿನೂ ಏನೂ ಕೇಳಿದಾಂವ ಅಲ್ಲ, ಮದ್ಲ ಸಲ ಕೇಳಿದ್ದಿ."

ನನಗೆ ಮೊದಲು ಬಂದದ್ದು ಕಣ್ಣೀರಲ್ಲ, ಸಿಟ್ಟು. ತಲೆಯೊಳಗೆ ಇಎಂಐ ಲೆಕ್ಕ ಓಡಿತು. ಇಪ್ಪತ್ತು ವರ್ಷದ ಸಾಲ, ಅದರ ಬಡ್ಡಿ. ಏನೋ ನೆಪ ಹೇಳಿ ಫೋನ್ ಇಟ್ಟೆ. ಅವತ್ತು ಇಡೀ ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ.

ರಾತ್ರಿ, ಬೇರೇನೂ ತೋಚದೆ, ನನ್ನ ನಾಲ್ಕು ಪ್ರಶ್ನೆಗಳ ಪಟ್ಟಿ ತೆಗೆದು ಅಪ್ಪನ ಹೆಸರಿನಲ್ಲಿ ತುಂಬತೊಡಗಿದೆ. ಯಾರು? ಮಗನಿಗಾಗಿ ಹೊಲ ಮಾರಲು ಒಪ್ಪಿದ ರೈತ. ಏನಾಯಿತು? ಗೇಟ್ ಮುರಿಯಿತು. ಏನು ಬೇಕು? ಹೊಲ ಉಳಿಯಬೇಕು. ಅಡ್ಡಿ?

ಅಡ್ಡಿ ನಾನು. ಎರಡು ವಾಕ್ಯದ ಕಥೆಯಲ್ಲಿ ಬೇರೆ ಯಾರನ್ನೂ ಆ ಜಾಗಕ್ಕೆ ಕೂರಿಸೋಕೆ ಆಗಲಿಲ್ಲ. ಡ್ಯಾಂ ಅಪ್ಪನ ಶತ್ರು ಅಂತ 104 ಪುಟ ಬರೆದಿದ್ದೆ. ಆ ವಾರ ಆ ಮುರಿದ ಗೇಟೇ ಅವನಿಗೆ ಸಿಕ್ಕ ಒಂದೇ ನೆಪ.

ಐದನೆಯ ಸಾಲು ಹತ್ತು ನಿಮಿಷದಲ್ಲಿ ಬಂತು:

"ಮಗನ ಸೈಟಿಗಾಗಿ ಎರಡು ಎಕರೆ ಮಾರಲು ಸಂಚಕಾರ ಪಡೆದಿದ್ದ ರೈತ, ಡ್ಯಾಂ ಗೇಟ್ ಮುರಿದ ನೆಪದಲ್ಲಿ ಮಗನಿಗೆ ಸುಳ್ಳು ಹೇಳಿ ಹೊಲ ಉಳಿಸಿಕೊಳ್ಳುತ್ತಾನೆ, ಡ್ಯಾಂ ಮತ್ತೆ ತುಂಬಿದಾಗ ಆ ಸುಳ್ಳನ್ನು ಕಾಯಬೇಕಾಗುತ್ತದೆ."

ಡ್ಯಾಂ ಆ ಸೆಪ್ಟೆಂಬರಿನಲ್ಲಿ ನಿಜವಾಗಿಯೂ ಮತ್ತೆ ತುಂಬಿತ್ತು. ಎಲ್ಲರೂ ಖುಷಿಪಟ್ಟ ದಿನ ನಮ್ಮಪ್ಪ ಒಬ್ಬನೇ ಹೆದರಿರಬೇಕು, ಈಗ ಮಗ ಕೇಳಿದರೆ ಏನು ಹೇಳಲಿ ಅಂತ. ಸಿನಿಮಾದ ಎರಡನೇ ಅರ್ಧ ಇಷ್ಟು ದಿನ ಸಿಕ್ಕದೇ ಒದ್ದಾಡುತ್ತಿದ್ದೆ. ಅದು ಆ ಅಲ್ಪವಿರಾಮ ಚಿಹ್ನೆಯಾಚೆ ಕೂತಿತ್ತು.

ಅಕ್ಕನಿಗೆ ಓದಿ ಹೇಳಿದೆ. ಒಂದು ತಾಸು ಬಿಟ್ಟು ಮಾವನೇ ಫೋನ್ ಮಾಡಿದರು. "ಏನಪಾ, ನಿಮ್ಮಪ್ಪ ಹೊಲ ಉಳಿಸ್ಕೊಳ್ಳಾಕ ನಿನಗ ಸುಳ್ಳ ಹೇಳಿದ್ನಂತ?" ಸಾಲು ಪಾಸಾಗಿತ್ತು.

ನೀವು ಬರೆಯುವಾಗ

ಬರೆಯೋದು ಮುಗಿದ ಮೇಲೆ ಅಲ್ಲ, ಹತ್ತು ಪುಟ ಆದ ಕೂಡಲೇ ಲಾಗ್‌ಲೈನ್ ಬರೆಯಿರಿ. ನಾನು ಒಂದೂವರೆ ವರ್ಷ ತಡ ಮಾಡಿದೆ, ಈಗ 104ರಲ್ಲಿ ಎಂಬತ್ತು ಪುಟ ಕಿತ್ತು ಹಾಕ್ತಿದ್ದೀನಿ.

ಪಾತ್ರದ ಹೆಸರು ಬೇಡ. 'ರಮೇಶ' ಅಂದರೆ ಓದುವವರಿಗೆ ಏನೂ ಗೊತ್ತಾಗಲ್ಲ, 'ನಿವೃತ್ತ ಜವಾನ' ಅಂದರೆ ಅರ್ಧ ಕಥೆ ಗೊತ್ತಾಗುತ್ತೆ. ಒಂದು ಕಸುಬು, ಒಂದು ಸ್ವಭಾವ, ಸಾಕು.

ಕನ್ನಡದಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಪದ ಧಾರಾಳವಾಯಿತು. ನಮ್ಮ ಒಂದೊಂದು ಪದದಲ್ಲಿ ಇಂಗ್ಲಿಷಿನ ಎರಡು ಮೂರು ಪದ ಅಡಗಿರುತ್ತವೆ. ಬರೆದಾದ ಮೇಲೆ ಜೋರಾಗಿ ಓದಿ. ಒಂದೇ ಉಸಿರಿಗೆ ಮುಗಿಯದಿದ್ದರೆ ಕತ್ತರಿಸಿ.

'ಹೃದಯಸ್ಪರ್ಶಿ', 'ರೋಚಕ', 'ವಿಭಿನ್ನ' ಇವನ್ನು ಹೇಳಬೇಕಾದವರು ಓದಿದವರು, ಬರೆದವರಲ್ಲ.

ಹಳೆಯ ಸಾಲುಗಳನ್ನು ಅಳಿಸಬೇಡಿ. ಒಂದರ ಕೆಳಗೊಂದು ಇಟ್ಟುಕೊಳ್ಳಿ, ತಾರೀಖು ಹಾಕಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅನ್ನೋದು ಅವನ್ನು ಒಟ್ಟಿಗೆ ನೋಡಿದಾಗ ಕಾಣುತ್ತೆ. ನನ್ನ ಎರಡನೆಯ ಸಾಲನ್ನು ಈಗಲೂ ಆಗಾಗ ಓದಿ ನಾಚಿಕೊಳ್ತೀನಿ.

ಮತ್ತೆ, ನಿಜವಾದವರ ಬದುಕಿನಿಂದ ಎತ್ತಿಕೊಂಡಿದ್ದರೆ ಅವರನ್ನು ಒಂದು ಮಾತು ಕೇಳಿ. ಇದು ಬರವಣಿಗೆಯ ನಿಯಮ ಅಲ್ಲ, ಮನೆಯ ನಿಯಮ.

ನಾನೂ ಕೇಳಿದೆ. ಕಳೆದ ವಾರ ಊರಿಗೆ ಹೋಗಿದ್ದಾಗ, ಊಟ ಆದ ಮೇಲೆ ಪಡಸಾಲೆಯಲ್ಲಿ ಕೂತು, ಅಪ್ಪನಿಗೆ ಆ ಸಾಲು ಓದಿ ಹೇಳಿದೆ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಸೈಟಿನ ಮಾತು ನಾವಿಬ್ಬರೂ ಎತ್ತಲಿಲ್ಲ. ಅಪ್ಪ ಇನ್ನೊಮ್ಮೆ ಓದು ಅಂದ. ಓದಿದೆ. ಕನ್ನಡಕ ತೆಗೆದು ಒರೆಸಿಕೊಂಡ.

"ಬರಿ" ಅಂದ. "ಆದ್ರ ಎರಡ ಎಕರೆ ಅಂತ ಬರೀಬ್ಯಾಡ. ಒಂದೂವರಿ ಐತಿ ಅದು. ನಿಂಗ ಒಂದ ಸಲಾನೂ ಪಹಣಿ ನೋಡ್ಬೇಕು ಅನ್ನಿಸಿಲ್ಲೇನು?"